ಇರುಮುಡಿ ಮತ್ತು ಬೆನ್ನುಚೀಲ

ನವೆಂಬರ್ ನಡುವಿನಿಂದ ಜನವರಿ ನಡುವಿನವರೆಗೆ ಕಂಬಂ ಕಣಿವೆಯ ರಸ್ತೆಗಳಲ್ಲಿ ಕಪ್ಪು, ನೀಲಿ ಬಟ್ಟೆ ತೊಟ್ಟವರದೇ ಸಾಲು. ತೇನಿ, ಚಿನ್ನಮನೂರು, ಉತ್ತಮಪಾಳ್ಯಂ, ಕಂಬಂ ದಾಟಿ ಕುಮಳಿ ಘಾಟಿ ಹತ್ತುವ ಈ ದಾರಿ ತಮಿಳುನಾಡಿನಿಂದ ಶಬರಿಮಲೆಗೆ ಹೋಗುವ ಮುಖ್ಯ ದಾರಿಗಳಲ್ಲೊಂದು. ಅದಕ್ಕೆ ಹತ್ತಿರದಲ್ಲೇ, ಪಶ್ಚಿಮಘಟ್ಟದ ಬುಡದ ಕೊಂಬೈಯಲ್ಲಿ, ಮನೆಯೊಳಗೆ ಕನ್ನಡ ಉಳಿಸಿಕೊಂಡ ಕಪ್ಪಿಲಿಯ ಒಕ್ಕಲಿಗರು ತಲೆಮಾರುಗಳಿಂದ ಬಾಳುತ್ತಿದ್ದಾರೆ. ಇದೇ ತಿಂಗಳುಗಳಲ್ಲಿ ಘಟ್ಟದ ಆಚೆ, ಉತ್ತರ ಕನ್ನಡದ ಗೋಕರ್ಣದಲ್ಲಿ, ಇನ್ನೊಂದು ಬಗೆಯ ನಡಿಗೆಯ ಕಾಲವೂ ಹೌದು. ಬೆನ್ನಿಗೆ ಚೀಲ ಕಟ್ಟಿದ ಬ್ಯಾಕ್‌ಪ್ಯಾಕರ್‌ಗಳು ಕಡಲಂಚು ಹಿಡಿದು ಊರಿಂದೂರಿಗೆ ಹೋಗುತ್ತಾರೆ. ಇಬ್ಬರೂ ಮನೆ ಬಿಟ್ಟವರು, ಇಬ್ಬರೂ ಹೊರೆ ಹೊತ್ತವರು, ಇಬ್ಬರೂ ಮೈ ದಣಿಸಿಕೊಳ್ಳುವವರು. ಒಬ್ಬರದನ್ನು ಯಾತ್ರೆ ಎನ್ನುತ್ತೇವೆ, ಇನ್ನೊಬ್ಬರದನ್ನು ತಿರುಗಾಟ ಎನ್ನುತ್ತೇವೆ. ಈ ಭೇದಕ್ಕೆ ನಿಜವಾದ ಆಧಾರವಿದೆಯೇ, ಇಲ್ಲವೇ ಅದು ಆಸ್ತಿಕರ ಹೆಮ್ಮೆ ಮಾತ್ರವೇ?

ಕಡಲ ದಾರಿಯ ಸುಖವನ್ನು ಮೊದಲು ಒಪ್ಪಿಕೊಳ್ಳೋಣ. 1990ರ ದಶಕದಲ್ಲಿ ಗೋವೆಯ ಗದ್ದಲ ಸಾಕಾದವರು ತೆಂಕಣಕ್ಕೆ ಇಳಿದು ಗೋಕರ್ಣವನ್ನು ಹಿಡಿದರು. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ತಿಯಾದಾಗ ಬರುವವರ ಸಂಖ್ಯೆ ಇನ್ನೂ ಹೆಚ್ಚಿತು. ಕುಡ್ಲೆಯಿಂದ ಓಂ ಬೀಚಿಗೆ, ಅಲ್ಲಿಂದ ಹಾಫ್ ಮೂನ್, ಪ್ಯಾರಡೈಸ್‌ಗೆ ಗುಡ್ಡದ ಕಾಲುದಾರಿಯಲ್ಲಿ ನಡೆಯುವವರಿಗೆ ಅಪರಿಚಿತರ ಸ್ನೇಹ, ಅಗ್ಗದ ಊಟ, ಗಡಿಯಾರವಿಲ್ಲದ ಹಗಲು ಸಿಗುತ್ತವೆ. ಹುದ್ದೆ, ಮನೆತನ, ಜಾತಿ ಯಾವುದನ್ನೂ ಕೇಳದ ಜನರ ನಡುವೆ ಕೆಲವು ದಿನ ಇರುವುದು ನಮ್ಮ ಸಮಾಜದಲ್ಲಿ ಸಣ್ಣ ಬಿಡುಗಡೆಯಲ್ಲ. ಕಷ್ಟವೂ ಕಡಿಮೆಯಿಲ್ಲ. ಉಪ್ಪುಗಾಳಿಯ ಸೆಕೆ, ಕೆಟ್ಟ ನೀರಿನಿಂದ ಬರುವ ಬೇನೆ, ಮಳೆಗೆ ಜಾರುವ ಜಂಬಿಟ್ಟಿಗೆ ಕಲ್ಲು, ಈಜು ಬಲ್ಲವರನ್ನೂ ಒಳಗೆಳೆಯುವ ಕಡಲ ಸೆಳೆತ ಎಲ್ಲವೂ ಇವೆ. ಇಷ್ಟನ್ನು ತಾಳಿಕೊಂಡವನಿಗೆ ತಾನೂ ಒಂದು ಬಗೆಯ ತಪಸ್ಸು ಮಾಡಿದೆ ಎನಿಸುವುದು ಸಹಜ.

ಆದರೆ ಕಷ್ಟ ಪಟ್ಟದ್ದರಿಂದಲೇ ತಪಸ್ಸಾಗುವುದಿಲ್ಲ. ದೇಹ ದಂಡಿಸುವುದೇ ಪುಣ್ಯವಾಗಿದ್ದರೆ ಗೋಕರ್ಣದ ಪೇಟೆಗೆ ತರಕಾರಿ ಬುಟ್ಟಿ ಹೊತ್ತು ತರುವ ಹಾಲಕ್ಕಿ ಹೆಂಗಸರನ್ನು, ಬೆಳಗಿನ ಜಾವ ದೋಣಿ ನೂಕುವ ಮೀನುಗಾರರನ್ನು ಎಲ್ಲರಿಗಿಂತ ಮೇಲೆ ಕೂರಿಸಬೇಕಿತ್ತು. ತಾನಾಗಿ ಆರಿಸಿಕೊಂಡ ಕಷ್ಟ ಬೇಡವೆನಿಸಿದಾಗ ಬಿಟ್ಟುಹೋಗಬಹುದಾದ ಕಷ್ಟ. ಬಸ್ಸಿನ ಟಿಕೆಟ್ ಅದನ್ನು ಮುಗಿಸುತ್ತದೆ. ಚೀಲ ಹಗುರವಾಗಿರುವುದೂ ತ್ಯಾಗದ ಗುರುತಲ್ಲ. ಬೇಕಾದ್ದನ್ನು ಹೋದಲ್ಲಿ ಕೊಳ್ಳಬಲ್ಲೆ ಎಂಬ ಧೈರ್ಯವಿದ್ದವನ ಚೀಲ ಹಗುರವಾಗಿಯೇ ಇರುತ್ತದೆ. ಮಹಾಭಾರತದ ವನಪರ್ವದಲ್ಲಿ ಋಷಿ ಪುಲಸ್ತ್ಯರು ತೀರ್ಥಯಾತ್ರೆಯ ಫಲವನ್ನು ಹೇಳುವಾಗ ದೂರವನ್ನೂ ದಣಿವನ್ನೂ ಅಳತೆಗೋಲಾಗಿ ಹಿಡಿಯುವುದಿಲ್ಲ. ಕೈ, ಕಾಲು, ಮನಸ್ಸು ಹತೋಟಿಯಲ್ಲಿರುವವನಿಗೆ ಮಾತ್ರ ಆ ಫಲ ಎನ್ನುತ್ತಾರೆ. ಎಷ್ಟು ನಡೆದೆ ಎಂಬುದಕ್ಕಿಂತ ನಡೆಯುವಾಗ ಏನನ್ನು ತಡೆದುಕೊಂಡೆ ಎಂಬುದು ಅಲ್ಲಿ ಮುಖ್ಯ.

ಯಾರ ಸಲುವಾಗಿ ತಡೆದುಕೊಳ್ಳಬೇಕು ಎಂಬ ಪ್ರಶ್ನೆಗೆ ಬೌದ್ಧರ ವಿನಯಪಿಟಕದಲ್ಲಿ ಬೆಲೆಯುಳ್ಳ ಉತ್ತರವಿದೆ. ಮಳೆಗಾಲದಲ್ಲೂ ಭಿಕ್ಷುಗಳು ತಿರುಗುತ್ತ ಹಸಿರನ್ನು, ಸಣ್ಣ ಜೀವಿಗಳನ್ನು ತುಳಿಯುತ್ತಾರೆ ಎಂದು ಜನ ದೂರಿದಾಗ ಬುದ್ಧ ಮಳೆಗಾಲವನ್ನು ಒಂದೇ ಕಡೆ ಕಳೆಯುವ ವರ್ಷಾವಾಸವನ್ನು ವಿಧಿಸಿದನೆಂದು ಅಲ್ಲಿ ಹೇಳಿದೆ. ಜೈನ ಮುನಿಗಳ ಚಾತುರ್ಮಾಸ್ಯದ ಹಿಂದೆಯೂ ಇದೇ ಕಾಳಜಿ. ಮನೆಯನ್ನೇ ಬಿಟ್ಟವರ ಸ್ವಾತಂತ್ರ್ಯಕ್ಕೂ ಗಡಿ ಹಾಕಿದ್ದು ಅವರು ತುಳಿಯುವ ನೆಲದ ಹಕ್ಕು. ನಮ್ಮ ಕರಾವಳಿಯಲ್ಲಿ ಇಂದಿಗೂ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನಿನ ಸಂತಾನಕ್ಕಾಗಿ ಮೀನುಗಾರನ ದುಡಿಮೆ ನಿಲ್ಲುತ್ತದೆ. ಅದು ಕಾನೂನಿನ ಕಟ್ಟಳೆ, ನಿಜ. ಆದರೂ ಹೊಟ್ಟೆಪಾಡಿಗಾಗಿ ಕಡಲನ್ನು ನಂಬಿದವನಿಗೇ ಎರಡು ತಿಂಗಳ ತಡೆ ಇರುವಲ್ಲಿ, ಸಂತೋಷಕ್ಕಾಗಿ ಬಂದವನಿಗೆ ಯಾವ ತಡೆಯೂ ಬೇಡವೆನ್ನುವುದು ನ್ಯಾಯವಲ್ಲ.

ಇಲ್ಲಿ ಶಬರಿಮಲೆಯ ಇರುಮುಡಿಯನ್ನು ಗಮನಿಸಬೇಕು. ಅದರಲ್ಲಿ ಎರಡು ಗಂಟು. ಮುಂದಿನದರಲ್ಲಿ ತುಪ್ಪ ತುಂಬಿದ ತೆಂಗಿನಕಾಯಿ, ಪೂಜೆಯ ಸಾಮಗ್ರಿ; ಹಿಂದಿನದರಲ್ಲಿ ಯಾತ್ರಿಕನ ದಾರಿಯ ಅಗತ್ಯಗಳು. ಅದನ್ನು ಹೊರದವನಿಗೆ ದೇವಸ್ಥಾನದ ಹದಿನೆಂಟು ಮೆಟ್ಟಿಲು ಹತ್ತುವ ಅವಕಾಶವಿಲ್ಲ. ಅದಕ್ಕೂ ಮೊದಲು 41 ದಿನದ ವ್ರತ. ಮಾಲೆ ಹಾಕಿದವನು ಎದುರಾದವರನ್ನೆಲ್ಲ ಸ್ವಾಮಿ ಎಂದು ಕರೆಯಬೇಕು. ಅಂದರೆ ಹೊರಡುವ ಮುಂಚೆಯೇ ಅವನು ತನ್ನ ಹೊರೆಯಲ್ಲಿ ತನ್ನದಲ್ಲದ್ದಕ್ಕೆ ಜಾಗ ಬಿಟ್ಟಿರುತ್ತಾನೆ, ದಾರಿಯಲ್ಲಿ ಸಿಗುವ ಮನುಷ್ಯನಿಗೆ ಮರ್ಯಾದೆಯ ಹೆಸರೊಂದನ್ನು ಮೊದಲೇ ಕೊಟ್ಟಿರುತ್ತಾನೆ. ಬೆನ್ನುಚೀಲದಲ್ಲಿರುವುದೆಲ್ಲ ಹೊತ್ತವನದೇ. ಯಾತ್ರೆಗೂ ತಿರುಗಾಟಕ್ಕೂ ಇರುವ ನಿಜವಾದ ಅಂತರ ಇದು ಎಂದು ನಾನು ನಂಬುತ್ತೇನೆ: ಋಣ ಹೊತ್ತು ನಡೆದರೆ ಯಾತ್ರೆ, ಋಣವಿಲ್ಲವೆಂದು ನಡೆದರೆ ತಿರುಗಾಟ. ದೇವರ ಹೆಸರು ಇದೆಯೋ ಇಲ್ಲವೋ ಎಂಬುದು ಆಮೇಲಿನ ಮಾತು.

ಕಂಬಂ ಕಣಿವೆಯ ಕನ್ನಡಿಗರು ಈ ಋಣವನ್ನು ಬೇರೊಂದು ರೀತಿಯಲ್ಲಿ ಕಾಪಾಡಿದ್ದಾರೆ. ಕನ್ನಡ ನಾಡಿನಿಂದ ದನಗಳೊಂದಿಗೆ ವಲಸೆ ಬಂದೆವೆಂಬುದು ಕಪ್ಪಿಲಿಯರ ಐತಿಹ್ಯ. ಕಂಬಂನಲ್ಲಿ ಅವರು ಸಾಕುವ ತಂಬಿರಾನ್ ಮಾಡು ಎಂಬ ದೇವರ ಹಿಂಡಿನ ಹಾಲನ್ನು ಮನುಷ್ಯರು ಕರೆಯುವುದಿಲ್ಲ, ಅದು ಕರುಗಳಿಗೇ ಮೀಸಲು. ಸಂಕ್ರಾಂತಿಯ ಮರುದಿನದ ಮಾಟ್ಟುಪ್ಪೊಂಗಲ್‌ ದಿನ ಸುತ್ತಲಿನ ಜನ ಬಂದು ಪೂಜಿಸುತ್ತಾರೆ. ಒಂದು ಕುಲ ತನ್ನ ದೊಡ್ಡ ಪ್ರಯಾಣವನ್ನು ನೆನೆಯಲು ಆರಿಸಿಕೊಂಡದ್ದು ಲಾಭ ಪಡೆಯಬಹುದಾದಲ್ಲಿ ಪಡೆಯದಿರುವ ನಿಯಮವನ್ನು. ಹೊಸ ನೆಲಕ್ಕೆ ಬಂದವರು ಅಲ್ಲಿನವರಾಗುವುದಕ್ಕೆ ಇಂಥ ಸಂಯಮವೂ ಬೇಕು.

ಋಣ ಹೊತ್ತ ನಡಿಗೆಯೇ ಯಾತ್ರೆ ಎಂಬ ಮಾತಿಗೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದು. ಯಾತ್ರಿಕರೇನು ಶುದ್ಧರೇ? ಪಂಪಾನದಿಯಲ್ಲಿ ಬಿಟ್ಟ ಬಟ್ಟೆ, ಕಾಡಿನಲ್ಲಿ ಎಸೆದ ಪ್ಲಾಸ್ಟಿಕ್, ಗೋಕರ್ಣದ ಕೋಟಿತೀರ್ಥದ ಮಲಿನ ನೀರು ಭಕ್ತರ ಕೈಯದೇ ಕೆಲಸವಲ್ಲವೇ? ಹೌದು. ಮಾಲೆ ಹಾಕಿದ ಮಾತ್ರಕ್ಕೆ ಯಾರೂ ಯಾತ್ರಿಕರಾಗುವುದಿಲ್ಲ ಎಂಬುದನ್ನೇ ಅದು ತೋರಿಸುತ್ತದೆ. ನದಿ ಕೆಡಿಸಿದ ಭಕ್ತನಿಗಿಂತ ತನ್ನ ಕಸವನ್ನು ಗುಡ್ಡ ಹತ್ತಿಸಿ ವಾಪಸು ತಂದ ನಾಸ್ತಿಕ ಬ್ಯಾಕ್‌ಪ್ಯಾಕರ್ ಪುಲಸ್ತ್ಯರ ಮಾತಿಗೆ ಹತ್ತಿರದವನು. ಎರಡನೆಯ ಆಕ್ಷೇಪ ಇನ್ನೂ ನೋವಿನದು. ವ್ರತ, ನಿಯಮ ಎಂದೊಡನೆ ಯಾರನ್ನಾದರೂ ಹೊರಗಿಡುವ ಕೆಲಸ ಶುರುವಾಗುತ್ತದೆ. ಶಬರಿಮಲೆಗೆ ಎಲ್ಲ ವಯಸ್ಸಿನ ಹೆಂಗಸರೂ ಹೋಗಬಹುದೆಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದಾಗ ಎದ್ದ ವಿರೋಧ ನಮ್ಮ ಕಣ್ಣಮುಂದಿದೆ. ಗಡಿಯಿಲ್ಲದ ಕಡಲ ದಾರಿಯೇ ಹೆಣ್ಣಿಗೆ ಹೆಚ್ಚು ಉದಾರವಲ್ಲವೇ? ನನ್ನ ಉತ್ತರವಿಷ್ಟು: ತನ್ನ ಮೇಲೆ ತಾನು ಹಾಕಿಕೊಳ್ಳುವ ನಿಯಮ ಬೇರೆ, ಇನ್ನೊಬ್ಬರ ಮೇಲೆ ಹೇರುವ ನಿಯಮ ಬೇರೆ. ಹನ್ನೆರಡನೆಯ ಶತಮಾನದಲ್ಲಿ ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲಕ್ಕೆ ನಡೆದ ಅಕ್ಕಮಹಾದೇವಿಯ ನಿಷ್ಠೆ ಕಠಿಣವಾದದ್ದು, ಆದರೆ ಅದು ಆಕೆಯೇ ಕೈಗೊಂಡದ್ದು. ಲೋಕ ಹೇರಿದ ಕಟ್ಟಳೆಗಳನ್ನು ಆಕೆ ದಾಟಿಯೇ ನಡೆದಳು. ಸಂಯಮ ಯಾತ್ರಿಕನ ಸ್ವಂತ ಹೊಣೆ, ಕಾವಲುಗಾರನ ಅಧಿಕಾರವಲ್ಲ.

ಹಾಗಾದರೆ ಸುಮ್ಮನೆ ಸಂತೋಷಕ್ಕಾಗಿ ತಿರುಗುವುದು ತಪ್ಪೇ? ಖಂಡಿತ ಅಲ್ಲ. ಸಂತೋಷ ಋಣದ ಶತ್ರುವಲ್ಲ. ಸಂತೋಷ ಪಟ್ಟವನಿಗೇ ಋಣದ ಅರಿವು ಸುಲಭವಾಗಿ ಬರಬೇಕು. ಕಡಲಂಚಿನಲ್ಲಿ ನಡೆಯುವವರು ದೇವಸ್ಥಾನಕ್ಕೆ ಹೋಗಬೇಕೆಂದು ಯಾರೂ ಕೇಳಬೇಕಿಲ್ಲ. ಅವರಿಂದ ಕೇಳಬೇಕಾದದ್ದು ಇಷ್ಟು: ಜೀವರಕ್ಷಕ ಬೇಡವೆಂದ ನೀರಿಗೆ ಇಳಿಯದಿರುವುದು, ಏಕೆಂದರೆ ಮುಳುಗುವವನನ್ನು ಎತ್ತಲು ಇನ್ನೊಬ್ಬನು ಪ್ರಾಣ ಪಣಕ್ಕಿಡಬೇಕು. ಬುಟ್ಟಿ ಹೊತ್ತವಳ ಹತ್ತು ರೂಪಾಯಿಗೆ ಚೌಕಾಸಿ ಮಾಡದಿರುವುದು. ತಂದದ್ದನ್ನೆಲ್ಲ ವಾಪಸು ಒಯ್ಯುವುದು. ಮಳೆಗಾಲದಲ್ಲಿ ಆ ಗುಡ್ಡಗಳನ್ನು ಅವುಗಳ ಪಾಡಿಗೆ ಬಿಡುವುದು. ಇಷ್ಟನ್ನು ತನ್ನ ನಿಯಮವಾಗಿ ಹೊತ್ತವನ ಬೆನ್ನುಚೀಲಕ್ಕೂ ಎರಡನೆಯ ಗಂಟು ಬಂದಂತೆ. ಅವನ ನಡಿಗೆಯನ್ನು ಯಾತ್ರೆ ಎಂದು ಕರೆಯಲು ಧರ್ಮಕ್ಕೆ ಯಾವ ಅಡ್ಡಿಯೂ ಇರಲಾರದು, ಇರಲೂಬಾರದು.