ತೇಪೆಯ ಮರ್ಯಾದೆ

ಕನ್ನಡದಲ್ಲಿ 'ತೇಪೆ ಹಚ್ಚುವುದು' ಎಂದರೆ ತಪ್ಪನ್ನು ಮುಚ್ಚಿಹಾಕುವುದು ಎಂಬ ಅರ್ಥ ಬಂದುಬಿಟ್ಟಿದೆ. ಉರ್ದುವಿನಲ್ಲಿ ತೇಪೆಗೆ ಪೈವಂದ್ ಎನ್ನುತ್ತಾರೆ. ಗಿಡಕ್ಕೆ ಕಸಿ ಕಟ್ಟುವುದೂ ಪೈವಂದ್. ಒಂದು ಭಾಷೆ ತೇಪೆಯಲ್ಲಿ ಮೋಸವನ್ನು ಕಂಡಿತು, ಇನ್ನೊಂದು ಚಿಗುರನ್ನು. ಎರಡೂ ಭಾಷೆಗಳನ್ನು ಆಡುವ ರಾಯಚೂರಿನವರಾದ ನಮಗೆ ಎರಡೂ ನಿಜವೆನಿಸುತ್ತದೆ.

ಕೃಷ್ಣೆ-ತುಂಗಭದ್ರೆಯರ ನಡುವಿನ ನಮ್ಮ ಸೀಮೆ ಹತ್ತಿಯ ಸೀಮೆ. ಬಿಸಿಲಲ್ಲಿ ಬಗ್ಗಿ ಹತ್ತಿ ಬಿಡಿಸಿದವರು ಬಟ್ಟೆಯನ್ನು ಸುಲಭವಾಗಿ ಎಸೆಯುವುದಿಲ್ಲ. ದೇವದುರ್ಗ, ಮಾನ್ವಿಯ ಹಳ್ಳಿಗಳಲ್ಲಿ ಹಳೆಯ ಸೀರೆ, ಧೋತರ, ಲುಂಗಿಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನಿಟ್ಟು ಸಣ್ಣ ಸಣ್ಣ ಹೊಲಿಗೆ ಹಾಕಿದರೆ ಕೌದಿಯಾಗುತ್ತದೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಕಡೆ ಹಿಂದೂ, ಮುಸ್ಲಿಮ್, ಕ್ರೈಸ್ತ ಸಿದ್ದಿ ಹೆಂಗಸರೆಲ್ಲರೂ ಇಂಥದ್ದನ್ನೇ ಹೊಲಿಯುತ್ತಾರೆ. ರಫೂಗಾರನ ಕೆಲಸ ಬೇರೆ ತರಹದ್ದು. ಅವನು ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ತೆಗೆದು ಹರಿದ ಜಾಗವನ್ನು ನೇಯುತ್ತಾನೆ. ರಫೂ ಗಾಯವನ್ನು ಕಾಣದಂತೆ ಮಾಡುತ್ತದೆ. ಕೌದಿ ಗಾಯಗಳನ್ನೆಲ್ಲ ಹೊರಗಿಟ್ಟು ಚಂದ ಕಾಣುತ್ತದೆ.

ಪ್ರವಾದಿ ಮುಹಮ್ಮದ್(ಸ) ಮನೆಯಲ್ಲಿ ಏನು ಮಾಡುತ್ತಿದ್ದರೆಂದು ಕೇಳಿದವರಿಗೆ, ತಮ್ಮ ಬಟ್ಟೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರು, ಚಪ್ಪಲಿ ರಿಪೇರಿ ಮಾಡಿಕೊಳ್ಳುತ್ತಿದ್ದರು ಎಂದು ಹಝ್ರತ್ ಆಯಿಶಾ(ರ) ಹೇಳಿದರಂತೆ. ಮದೀನಾದ ಆಡಳಿತ ಕೈಯಲ್ಲಿದ್ದಾಗಲೂ ಹಝ್ರತ್ ಉಮರ್(ರ)ರ ಅಂಗಿಯ ಹೆಗಲುಗಳ ನಡುವೆ ಒಂದರ ಮೇಲೊಂದು ಮೂರು ತೇಪೆಗಳಿದ್ದುದನ್ನು ಅನಸ್ ಬಿನ್ ಮಾಲಿಕ್(ರ) ಕಂಡಿದ್ದಾಗಿ ಇಮಾಮ್ ಮಾಲಿಕರ ಮುವತ್ತಾದಲ್ಲಿದೆ. ಇವನ್ನು ನಾವು ಭಾಷಣಗಳಲ್ಲಿ ಎಷ್ಟು ಸಲ ಹೇಳಿಲ್ಲ! ಆದರೆ ಉಮರ್‌ರಿಗೆ ಹೊಸ ಅಂಗಿ ತೊಡುವ ಶಕ್ತಿಯಿತ್ತು, ಅವರು ಬೇಡವೆಂದರು. ಗುಳೆ ಹೋಗುವ ಕೂಲಿಯವನ ಮಗುವಿನ ಅಂಗಿಯ ತೇಪೆಗೆ ಅಂಥ ಆಯ್ಕೆ ಇಲ್ಲ. ಎರಡನ್ನೂ ಒಂದೇ ಎಂದು ಹೊಗಳಿದರೆ ಅದು ಬಡತನವನ್ನು ಬಣ್ಣಿಸಿದಂತೆ.

2009ರ ಅಕ್ಟೋಬರಿನ ನೆರೆಯಲ್ಲಿ ನಾವು ಓಣಿ ಓಣಿ ತಿರುಗಿ ಬಟ್ಟೆ ಕೂಡಿಸಿ ಮಾನ್ವಿ ತಾಲೂಕಿನ ಒಂದು ಹಳ್ಳಿಗೆ ಒಯ್ದಿದ್ದೆವು. ಗಂಟು ಬಿಚ್ಚಿದರೆ ಗುಂಡಿ ಹೋದ ಅಂಗಿ, ಬಗಲು ಹರಿದ ಕುಪ್ಪಸ. ಒಬ್ಬ ಮುದುಕಿ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, "ಇವು ಕೌದಿಗೆ ಬರ್ತಾವಪ್ಪ. ಉಡಾಕ ಏನರ ತಂದೀರೇನು?" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಮಗೇ ತಲೆ ಎತ್ತಲಾಗಲಿಲ್ಲ. ಕಣ್ಣು ಮುಚ್ಚಿಕೊಂಡಲ್ಲದೆ ನೀವೇ ತೆಗೆದುಕೊಳ್ಳಲಾರದ ಕೀಳು ವಸ್ತುವನ್ನು ದಾನಕ್ಕೆ ಆರಿಸಬೇಡಿ ಎಂಬ ತಾಕೀತು ಕುರ್‌ಆನಿನ ಅಲ್‌ಬಖರ ಅಧ್ಯಾಯದ 267ನೇ ಸೂಕ್ತದಲ್ಲಿದೆ. ಅದನ್ನು ಓದಿದ್ದ ನಾವೇ ಆ ಗಂಟು ಕಟ್ಟಿದ್ದೆವು.

ಅಂದು ನಾವು ಹರಿದದ್ದನ್ನು ಕೊಟ್ಟು ಒಳ್ಳೆಯದನ್ನು ಇಟ್ಟುಕೊಂಡಿದ್ದೆವು. ಆಗಬೇಕಾದದ್ದು ಇದರ ತಿರುವು. ಗಟ್ಟಿ ಅಂಗಿಯನ್ನು ಕೊಡಬೇಕು, ಹರಿದದ್ದಕ್ಕೆ ನಾವು ತೇಪೆ ಹಾಕಿಕೊಂಡು ತೊಡಬೇಕು. ಈಗ ಅಗ್ಗದ ಸಿದ್ಧ ಉಡುಪು ಸಂತೆಯಲ್ಲೂ ಸಿಗುತ್ತದೆ. ದಾರದ ಖರ್ಚು, ಅರ್ಧ ದಿನದ ಕೂಲಿ ಲೆಕ್ಕ ಹಾಕಿದರೆ ಹೊಸದೇ ಲಾಭ ಎನ್ನುವವರಿದ್ದಾರೆ. ಅವರ ಲೆಕ್ಕ ತಪ್ಪಲ್ಲ. ಆದರೆ ನಾವು ಮೈಗೆ ಹಾಕಿಕೊಂಡ ಬಟ್ಟೆಯೊಂದಿಗೆ ನಮಗೊಂದು ಋಣವಿದೆಯೇ ಎಂಬ ಪ್ರಶ್ನೆ ಆ ಲೆಕ್ಕದಲ್ಲಿ ಬರುವುದಿಲ್ಲ.

ತನ್ನ ಅಂಗಿಗೆ ತಾನೇ ಹಾಕಿಕೊಂಡ ತೇಪೆ ಮರ್ಯಾದೆ. ಇನ್ನೊಬ್ಬರಿಗೆ ದಾಟಿಸಿದ ಹರಕು ದಾನವಲ್ಲ. ಇಷ್ಟನ್ನು ಹೇಳಿಕೊಟ್ಟ ಆ ಮುದುಕಿ, ನಾವು ಒಯ್ದ ಹರಕುಗಳನ್ನೆಲ್ಲ ಮಡಚಿ ಒಳಗಿಟ್ಟುಕೊಂಡಿದ್ದಳು, ಕೌದಿಗೆಂದು.