ಹರಕೆಯ ಜೊತೆಗೊಂದು ಸಂಕಲ್ಪ



ತಾಯಿ ಶ್ರೀ ರೇಣುಕಾ ಯಲ್ಲಮ್ಮನ ಗುಡ್ಡಕ್ಕೆ ಬೇಡಿಕೆ ಇಲ್ಲದೆ ಬರುವವರು ಕಡಿಮೆ. ಬನದ ಹುಣ್ಣಿಮೆಗೆ, ಭಾರತ ಹುಣ್ಣಿಮೆಗೆ ಧಾರವಾಡ, ಹುಬ್ಬಳ್ಳಿ, ನವಲಗುಂದ, ಕಲಘಟಗಿ ಕಡೆಯಿಂದ ಚಕ್ಕಡಿ ಕಟ್ಟಿಕೊಂಡು, ಟ್ರ್ಯಾಕ್ಟರ್ ಏರಿ, ಬಸ್ಸು ಹಿಡಿದು, ಇಲ್ಲವೇ ಕಾಲ್ನಡಿಗೆಯಲ್ಲೇ ಜನ ಬರುತ್ತಾರೆ. ಒಬ್ಬರಿಗೆ ಮಗನ ನೌಕರಿ ಚಿಂತೆ, ಇನ್ನೊಬ್ಬರಿಗೆ ಮಗಳ ಮದುವೆ ಚಿಂತೆ, ಮತ್ತೊಬ್ಬರಿಗೆ ಸಾಲದ ಚಿಂತೆ. ಜೋಗುಳಬಾವಿಯಲ್ಲಿ ಮಿಂದು, ಭಂಡಾರ ಹಚ್ಚಿಕೊಂಡು, "ಉಧೋ ಉಧೋ" ಎನ್ನುತ್ತ ತಾಯಿಯ ಮುಂದೆ ನಿಂತಾಗ ಒಳಗಿದ್ದ ಮಾತು ಹೊರಗೆ ಬರುತ್ತದೆ. "ಅವ್ವಾ, ಇದೊಂದು ಕೆಲಸ ಮಾಡಿಕೊಡು. ನಿನಗ ಉಡಿ ತುಂಬತೀನಿ, ಪಡ್ಡಲಗಿ ತುಂಬಸ್ತೀನಿ."

ಬೇಡುವುದು ತಪ್ಪಲ್ಲ. ಮಕ್ಕಳು ತಾಯಿಯನ್ನು ಬೇಡದೆ ಇನ್ಯಾರನ್ನು ಬೇಡಬೇಕು? ಆದರೆ ಹರಕೆ ಹೊತ್ತು ಮನೆಗೆ ಹೋದ ಮೇಲೆ ನಾಳೆ ಬೆಳಿಗ್ಗೆ ಎದ್ದು ನಾವು ಮಾಡುವುದೇನು? ಈ ಪ್ರಶ್ನೆಯನ್ನು ಗುಡ್ಡ ಇಳಿಯುವ ಮೊದಲೇ ಕೇಳಿಕೊಳ್ಳಬೇಕು.

ಉಸುಕಿನ ಕೊಡ

ತಾಯಿಯ ಕಥೆಯಲ್ಲಿಯೇ ಇದಕ್ಕೆ ಉತ್ತರವಿದೆ. ಜಮದಗ್ನಿ ಮುನಿಗಳ ಪತ್ನಿಯಾದ ರೇಣುಕಾದೇವಿ ದಿನವೂ ನಸುಕಿನಲ್ಲಿ ಮಲಪ್ರಭೆಗೆ ಹೋಗಿ ಮೀಯುತ್ತಿದ್ದಳು. ದಂಡೆಯ ಉಸುಕಿನಿಂದ ಕೊಡ ಮಾಡಿ, ಹಾವನ್ನೇ ಸಿಂಬಿ ಮಾಡಿಕೊಂಡು, ತಲೆಯ ಮೇಲೆ ನೀರು ಹೊತ್ತು ಆಶ್ರಮಕ್ಕೆ ತರುತ್ತಿದ್ದಳು. ಈ ಕಥೆ ಎಲ್ಲರಿಗೂ ಗೊತ್ತು. ಆದರೆ ಅದರಲ್ಲಿ ಒಂದು ಮಾತನ್ನು ಬಹಳ ಮಂದಿ ಗಮನಿಸುವುದಿಲ್ಲ. ನಿನ್ನೆಯ ಕೊಡ ಇವತ್ತಿಗೆ ನಡೆಯುವುದಿಲ್ಲ. ಉಸುಕಿನ ಕೊಡವನ್ನು ದಿನದಿನವೂ ಹೊಸದಾಗಿಯೇ ಮಾಡಬೇಕು. ತಾಮ್ರದ ಕೊಡವಾದರೆ ಒಮ್ಮೆ ಕೊಂಡರೆ ತಲೆಮಾರು ಬಾಳುತ್ತದೆ. ಉಸುಕಿನ ಕೊಡ ಮನಸ್ಸು ಒಂದೇ ಕಡೆ ನಿಂತಷ್ಟು ಹೊತ್ತು ಮಾತ್ರ ಕೊಡ, ಮನಸ್ಸು ಅತ್ತಿತ್ತ ಹೋದರೆ ಬರೀ ಉಸುಕು.

ಮನುಷ್ಯನ ಗುರಿಯೂ ಹಾಗೆಯೇ. ಯುಗಾದಿಯ ದಿನ ಮಾಡಿದ ನಿಶ್ಚಯ ಶ್ರಾವಣದವರೆಗೆ ತಾನಾಗಿ ಉಳಿಯುವುದಿಲ್ಲ. "ಇನ್ನ ಮುಂದ ಕುಡಿಯೂದಿಲ್ಲ" ಎಂದು ದೇವರ ಮುಂದೆ ಕೈ ಮುಗಿದವನು ಸಂಜೆಯಾದರೆ ಮತ್ತೊಮ್ಮೆ ಆ ಮಾತನ್ನು ಮನಸ್ಸಿನಲ್ಲಿ ಕಟ್ಟಬೇಕು, ಮರುದಿನ ಸಂಜೆ ಇನ್ನೊಮ್ಮೆ ಕಟ್ಟಬೇಕು. ಹೀಗೆ ದಿನವೂ ಕಟ್ಟುವುದಕ್ಕೇ ವ್ರತವೆಂದು ಹೆಸರು.

"ಕರಿಷ್ಯೇ" ಎಂಬ ಮಾತು

ಮನೆಯಲ್ಲಿ ಸತ್ಯನಾರಾಯಣ ಪೂಜೆ ಮಾಡಿಸಿದವರಿಗೆ ಸಂಕಲ್ಪ ಗೊತ್ತಿರುತ್ತದೆ. ಆಚಾರ್ಯರು ಕೈಯಲ್ಲಿ ಅಕ್ಷತೆ ಕೊಟ್ಟು ಮಂತ್ರ ಹೇಳಿಸುತ್ತಾರೆ. ನಾವು ಕುಳಿತಿರುವ ದೇಶ ಯಾವುದು, ಹತ್ತಿರದ ನದಿ ಯಾವುದು, ಸಂವತ್ಸರ, ಮಾಸ, ತಿಥಿ, ವಾರ ಯಾವುದು, ಪೂಜೆಗೆ ಕುಳಿತವನ ಗೋತ್ರ ಮತ್ತು ಹೆಸರೇನು, ಯಾವ ಫಲಕ್ಕಾಗಿ, ಯಾವ ಕರ್ಮ. ಎಲ್ಲ ಹೇಳಿ ಮುಗಿದ ಮೇಲೆ ಕಡೆಯ ಮಾತು "ಕರಿಷ್ಯೇ". ಅಂದರೆ "ಮಾಡುತ್ತೇನೆ". ನೀರು ಬಿಡುವುದು ಈ ಮಾತಿನ ಮೇಲೆ.

ಹಿರಿಯರ ಜಾಣತನ ನೋಡಬೇಕು. ದೇವರ ಮುಂದೆ ಕೂತು ಮೊದಲು ಆಡುವ ಮಾತು "ಮಾಡಿಕೊಡು" ಎಂದಿಲ್ಲ, "ಮಾಡುತ್ತೇನೆ" ಎಂದಿದೆ. ಮಾಡುವವನು ಯಾರು, ಎಲ್ಲಿ, ಎಂದು, ಏತಕ್ಕಾಗಿ, ಏನು ಎಂಬುದೆಲ್ಲ ಅದರಲ್ಲಿಯೇ ಬಂತು. ಜೊತೆಗೆ "ಯಥಾಶಕ್ತಿ" ಎಂಬ ಮಾತನ್ನೂ ಸೇರಿಸಿದ್ದಾರೆ. ಶಕ್ತಿ ಇದ್ದಷ್ಟು. ಆಗದ್ದನ್ನು ಮಾಡುತ್ತೇನೆಂದು ದೇವರ ಮುಂದೆ ಹೇಳಿ ಸುಳ್ಳುಗಾರನಾಗುವುದು ಬೇಡವೆಂದು.

ಹರಕೆಯಲ್ಲಿ ಕೆಲಸ ತಾಯಿಯದು, ಕಾಣಿಕೆ ನಮ್ಮದು. ಸಂಕಲ್ಪದಲ್ಲಿ ಕೆಲಸ ನಮ್ಮದು, ಕಾಯುವುದು ತಾಯಿಯದು. ಎರಡೂ ಸೇರಿದರೇ ಬಂಡಿಗೆ ಎರಡು ಗಾಲಿ.

ಅಜ್ಜ ಕೇಳಿದ ಪ್ರಶ್ನೆ

ಇದಕ್ಕೊಂದು ದೃಷ್ಟಾಂತ. ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಊರೂರಿಂದ ಬಂದು ಖೋಲಿ ಹಿಡಿದು ಇರುವ ಹುಡುಗ, ಹುಡುಗಿಯರು ಬಹಳ. ಅಂಥವನೊಬ್ಬ ಗುಡ್ಡಕ್ಕೆ ಬಂದು ಪೌಳಿಯಲ್ಲಿ ಕೂತಿದ್ದನಂತೆ. ಪಕ್ಕದಲ್ಲಿ ರೊಟ್ಟಿ ಗಂಟು ಬಿಚ್ಚಿದ್ದ ಒಬ್ಬ ಮುದುಕ ಕೇಳಿದ.

"ಏನ್ ಬೇಡಿಕೊಂಡ್ಯೋ ತಮ್ಮಾ?"

"ಈ ಸಲ ಪಿ.ಎಸ್.ಐ. ಪರೀಕ್ಷಾ ಪಾಸಾದ್ರ ದೀಡ ನಮಸ್ಕಾರ ಹಾಕತೀನಿ ಅಂತ ಬೇಡಿಕೊಂಡೀನ್ರೀ ಅಜ್ಜಾ."

"ಛಲೋ ಆತು. ಅದು ಪಾಸಾದ ಮ್ಯಾಲಿನ ಮಾತು. ಪಾಸಾಗೂತನಕ ಏನ್ ಮಾಡ್ತಿ?"

"ಓದತೀನ್ರೀ."

"ಯಾವಾಗ ಓದತಿ?"

"ಟೈಮ್ ಸಿಕ್ಕಾಗ..."

ಮುದುಕ ನಕ್ಕ. "ತಮ್ಮಾ, ನಾ ಒಕ್ಕಲಿಗ. ಟೈಮ್ ಸಿಕ್ಕಾಗ ಬಿತ್ತತೀನಿ ಅಂದ್ರ ಭೂಮಿತಾಯಿ ಕೇಳತಾಳೇನು? ರೋಹಿಣಿ ಮಳೀಗೆ ಹೊಲ ಹದಾ ಮಾಡಬೇಕು, ಬೀಜ ಮೊದಲ ಮನ್ಯಾಗ ಇರಬೇಕು, ಕೂರಿಗಿ ರಿಪೇರಿ ಆಗಿರಬೇಕು. ಮಳಿ ಕೊಡೂದು ಅವ್ವನ ಕೈಯಾಗ ಐತಿ. ಮಳಿ ಬಂದ ದಿನ ಕೂರಿಗಿ ಹುಡುಕೂದು ನನ್ನ ತಪ್ಪು ಅಲ್ಲೇನು? ನೀನೂ ಹೇಳು. ಎಷ್ಟು ಗಂಟೇಕ ಏಳತಿ? ಮೊದಲ ಯಾವ ಪುಸ್ತಕ? ಮುಂದಿನ ಹುಣ್ಣಿಮೀಗೆ ಎಷ್ಟು ಮುಗಸತಿ?"

ಹುಡುಗನ ಹತ್ತಿರ ಉತ್ತರ ಇರಲಿಲ್ಲ. ಆದರೆ ಗುಡ್ಡ ಇಳಿಯುವಾಗ ಅವನ ಕಿಸೆಯಲ್ಲಿ ಒಂದು ಚೀಟಿ ಇತ್ತು, ಅದರಲ್ಲಿ ಮೂರು ಸಾಲು ಬರೆದಿದ್ದವು. ಪರೀಕ್ಷೆಯ ಫಲ ಏನಾಯಿತೆಂಬುದು ಇಲ್ಲಿ ಮುಖ್ಯವಲ್ಲ. ಅವನ ಬೇಡಿಕೆಗೆ ಅಂದು ಸಮಯ, ಜಾಗ, ಕೆಲಸ ಮೂರೂ ಕೂಡಿಬಂದವು.

ಕುಂದಗೋಳದ ರೈಲು

ಇದು ಬರೀ ಕಥೆಯ ಮಾತಲ್ಲ. ಡಾ. ಗಂಗೂಬಾಯಿ ಹಾನಗಲ್ಲರು 1913ರ ಮಾರ್ಚ್ 5ರಂದು ಧಾರವಾಡದಲ್ಲಿ ಹುಟ್ಟಿದರು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳು ಹಿಂದೂಸ್ತಾನಿ ಕಲಿಯಬೇಕು, ಅವಳ ಹಾಡಿನ ಮೇಲೆ ತನ್ನ ಪದ್ಧತಿಯ ನೆರಳು ಬೀಳಬಾರದು ಎಂದು ಆ ತಾಯಿ ತಮ್ಮ ಹಾಡನ್ನೇ ನಿಲ್ಲಿಸಿದರು. ಮಗಳ ಗುರಿಗಾಗಿ ತಾಯಿ ತನ್ನದನ್ನು ಬಿಟ್ಟುಕೊಟ್ಟ ರೀತಿ ಇದು.

ಗಂಗೂಬಾಯಿಯವರು ಗುರುಗಳಾಗಿ ಪಡೆದದ್ದು ಕಿರಾನಾ ಘರಾಣೆಯ ಸವಾಯಿ ಗಂಧರ್ವರನ್ನು. ಗುರುಗಳಿದ್ದದ್ದು ಕುಂದಗೋಳದಲ್ಲಿ, ಶಿಷ್ಯೆ ಇದ್ದದ್ದು ಹುಬ್ಬಳ್ಳಿಯಲ್ಲಿ. ನಡುವೆ ಸುಮಾರು 20 ಕಿಲೋಮೀಟರ್. 1930ರ ದಶಕದ ಕೊನೆಯ ಆ ದಿನಗಳಲ್ಲಿ ಮನೆ, ಮಕ್ಕಳು, ಹಣದ ಅಡಚಣೆ ಎಲ್ಲವನ್ನೂ ನಿಭಾಯಿಸಿ ಅವರು ರೈಲು ಹಿಡಿದು ಕುಂದಗೋಳಕ್ಕೆ ಹೋಗುತ್ತಿದ್ದರು, ಪಾಠ ಮುಗಿಸಿ ರಾತ್ರಿ ರೈಲಿಗೆ ಮರಳುತ್ತಿದ್ದರು. ಒಂಟಿ ಹೆಣ್ಣುಮಗಳು ಹಾಡು ಕಲಿಯಲು ಊರಿಂದೂರಿಗೆ ಹೋಗುವುದನ್ನು ಕಂಡು ಆಡಿಕೊಳ್ಳುವವರಿಗೇನೂ ಕಡಿಮೆ ಇರಲಿಲ್ಲ. ಗುರುಗಳೂ ಒಮ್ಮೆಲೇ ಹತ್ತು ರಾಗ ಕಲಿಸಲಿಲ್ಲ, ಕೆಲವೇ ರಾಗಗಳನ್ನು ಮತ್ತೆ ಮತ್ತೆ ಹಾಡಿಸಿ ತಿದ್ದಿದರು.

"ದೊಡ್ಡ ಗಾಯಕಿ ಆಗಬೇಕು" ಎನ್ನುವುದು ಆಸೆ. "ಇವತ್ತಿನ ರೈಲು ತಪ್ಪಿಸಬಾರದು" ಎನ್ನುವುದು ಸಂಕಲ್ಪ. 2002ರಲ್ಲಿ ಪದ್ಮವಿಭೂಷಣ ಬಂದದ್ದನ್ನು ಜಗತ್ತು ನೋಡಿತು. ಅದರ ಹಿಂದೆ ಎಷ್ಟು ಸಲ ಆ ರೈಲು ಹತ್ತಿ ಇಳಿದರೆಂಬುದನ್ನು ತಾಯಿಯೊಬ್ಬಳೇ ಬಲ್ಲಳು.

ಒಬ್ಬರ ಆಯುಷ್ಯಕ್ಕೆ ಮುಗಿಯದ ಗುರಿಗಳೂ ಇರುತ್ತವೆ. 1890ರ ಜುಲೈ 20ರಂದು ರಾ.ಹ. ದೇಶಪಾಂಡೆಯವರು ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದಾಗ ಧಾರವಾಡ ಮುಂಬಯಿ ಪ್ರಾಂತದಲ್ಲಿತ್ತು. ಕನ್ನಡ ಬೆಳೆಯಬೇಕೆಂಬುದು ಅವರ ಗುರಿ. ಅದಕ್ಕೆ ಅವರು ಹಿಡಿದ ಕೆಲಸಗಳು ಕೈಗೆ ಎಟುಕುವಂಥವು. ಪುಸ್ತಕ ಬರೆಸುವುದು, ಪ್ರಕಟಿಸುವುದು, "ವಾಗ್ಭೂಷಣ" ಪತ್ರಿಕೆ ನಡೆಸುವುದು. ಕನ್ನಡಿಗರೆಲ್ಲ ಒಂದೇ ರಾಜ್ಯದಡಿ ಬಂದದ್ದು 1956ರ ನವೆಂಬರ್ 1ರಂದು, 66 ವರ್ಷಗಳ ಮೇಲೆ. ಅದನ್ನು ನೋಡಲು ದೇಶಪಾಂಡೆಯವರು ಇರಲಿಲ್ಲ. ಆದರೂ ಅವರ ಸಂಕಲ್ಪ ವ್ಯರ್ಥವಾಯಿತೆಂದು ಯಾರು ಹೇಳಿಯಾರು?

ಕೊಡ ಒಡೆದರೆ?

ಇನ್ನೊಂದು ಮಾತು. ಎಷ್ಟೋ ಭಕ್ತರು ಒಳಗೊಳಗೇ ನೊಂದಿರುತ್ತಾರೆ. "ಹೋದ ವರ್ಷನೂ ಹಿಂಗ ಆಣಿ ಮಾಡಿದ್ದೆ, ನಡದೇ ಇಲ್ಲ. ಇನ್ನ ತಾಯಿಗೆ ಯಾವ ಮುಖಾ ತೋರಸಲಿ?" ಅಂಥವರು ರೇಣುಕಾದೇವಿಯ ಕಥೆಯನ್ನು ಪೂರ್ತಿ ಕೇಳಬೇಕು. ಒಂದು ದಿನ ನದಿಯಲ್ಲಿ ಗಂಧರ್ವರ ಜಲಕ್ರೀಡೆ ಕಂಡು ಅವಳ ಮನಸ್ಸು ಕ್ಷಣಕಾಲ ಚಲಿಸಿತು. ಅಂದು ಉಸುಕು ಕೊಡವಾಗಲಿಲ್ಲ. ಆಮೇಲೆ ಅವಳು ಪಟ್ಟ ಕಷ್ಟವನ್ನು, ಮಗ ಪರಶುರಾಮ ತಂದೆಯಲ್ಲಿ ವರ ಬೇಡಿ ತಾಯಿಯನ್ನು ಬದುಕಿಸಿಕೊಂಡದ್ದನ್ನು ಪುರಾಣ ಹೇಳುತ್ತದೆ. ಇಂದು ನಾವು ಗುಡ್ಡ ಏರಿ ಕೈ ಮುಗಿಯುತ್ತಿರುವುದು ಯಾರಿಗೆ? ಒಂದು ದಿನ ಕೊಡ ಕೈಗೂಡದೆ ಹೋದ ಆ ತಾಯಿಗೇ. ಸೋತು ಬಂದವರ ನೋವು ಅವಳಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು?

ಗಂಗೂಬಾಯಿಯವರ ದನಿಯೂ ಹಾಗೆಯೇ. ಮೊದಲು ಎತ್ತರದ ಸಣ್ಣ ದನಿ. ಗಂಟಲಿನ ಚಿಕಿತ್ಸೆಯ ನಂತರ ಅದು ಗಂಡುದನಿಯಂತೆ ಗಡಸಾಯಿತು. ಹಾಡುವವಳಿಗೆ ದನಿ ಬದಲಾಗುವುದೆಂದರೆ ಸಣ್ಣ ಪೆಟ್ಟಲ್ಲ. ಅವರು ಹಳೆಯ ದನಿಗೆ ಅಳುತ್ತ ಕೂರಲಿಲ್ಲ. ಇದ್ದ ದನಿಯಲ್ಲೇ ಹಾಡು ಕಟ್ಟಿದರು, ಅದೇ ಅವರ ಗುರುತಾಯಿತು. ಯೋಜನೆ ಕೆಟ್ಟರೆ ಯೋಜನೆ ಬದಲಿಸಬೇಕು, ಗುರಿ ಬಿಡಬಾರದು.

ಇನ್ನೊಬ್ಬರ ತಲೆಯ ಮೇಲೆ ಭಾರ ಬೇಡ

ಸಂಕಲ್ಪಕ್ಕೆ ಒಂದು ಗಡಿಯೂ ಉಂಟು. ನಮ್ಮ ಗುರಿಯ ಬೆಲೆಯನ್ನು ನಾವೇ ಕೊಡಬೇಕು. ಹಿಂದೆ ಹರಕೆಯ ಹೆಸರಿನಲ್ಲಿ ಎಳೆಯ ಹೆಣ್ಣುಮಕ್ಕಳ ಕೊರಳಿಗೆ ಮುತ್ತು ಕಟ್ಟಿ ಅವರ ಬಾಳನ್ನೇ ಹಾಳು ಮಾಡಿದರು. ಬೇಡಿಕೆ ದೊಡ್ಡವರದು, ತೀರಿಸಿದ್ದು ಕೂಸು. 1982ರಲ್ಲೇ ಕರ್ನಾಟಕದಲ್ಲಿ ಇದನ್ನು ನಿಷೇಧಿಸುವ ಕಾಯ್ದೆ ಬಂತು. ಇಂದಿಗೂ ಇದು ಶಿಕ್ಷಾರ್ಹ ಅಪರಾಧ. ಯಾವ ತಾಯಿಯೂ ಮಗಳ ಬಾಳನ್ನು ಕಾಣಿಕೆಯಾಗಿ ಕೇಳುವುದಿಲ್ಲ. ಹಾಗೆಯೇ ತನಗೆ ಡಾಕ್ಟರ್ ಆಗಲು ಆಗಲಿಲ್ಲವೆಂದು ಮಗನ ತಲೆಗೆ ಆ ಗುರಿ ಕಟ್ಟುವುದೂ ಸಲ್ಲದು. ಮಕ್ಕಳಿಗೆ ದಾರಿ ತೋರಿಸಬಹುದು, ಸಂಕಲ್ಪ ಅವರದೇ ಬಾಯಿಂದ ಬರಬೇಕು.

ಮನೆಗೆ ಹೋದ ಮೇಲೆ

ತಾಯಿಯ ದರ್ಶನವಾಯಿತು, ಉಡಿ ತುಂಬಿದ್ದಾಯಿತು. ಇನ್ನು ಹೀಗೆ ಮಾಡಿ ನೋಡಿರಿ:

1. ಹತ್ತು ಬೇಡಿಕೆ ಇರಲಿ, ಸಂಕಲ್ಪ ಒಂದೇ ಇರಲಿ. ಎರಡು ದೋಣಿಯಲ್ಲಿ ಕಾಲಿಡಬೇಡಿರಿ.

2. ಅದನ್ನು ದಿನದ ಕೆಲಸವಾಗಿ ಒಡೆಯಿರಿ. "ಮಗಳನ್ನು ಓದಿಸುತ್ತೇನೆ" ಎಂದರೆ ಸಾಲದು. ದಿನಕ್ಕೆ 20 ರೂಪಾಯಿ ತೆಗೆದಿಟ್ಟರೆ ವರ್ಷಕ್ಕೆ 7,300 ರೂಪಾಯಿ ಆಗುತ್ತದೆ. ಡಬ್ಬಿ ಎಲ್ಲಿಡಬೇಕು, ಯಾವ ದಿನ ಅಂಚೆ ಕಚೇರಿಗೆ ಕಟ್ಟಬೇಕು ಎಂಬುದನ್ನೂ ಇಂದೇ ಗೊತ್ತು ಮಾಡಿರಿ.

3. ಮನೆಯಲ್ಲಿ ಒಬ್ಬರಿಗಾದರೂ ಹೇಳಿರಿ. ದೇವರ ಮುಂದೆ ಆಡಿದ ಮಾತನ್ನು ಮರೆಯಬಹುದು, ಹೆಂಡತಿಯ ಮುಂದೆ ಆಡಿದ ಮಾತನ್ನು ಆಕೆ ಮರೆಯಗೊಡುವುದಿಲ್ಲ!

4. ಪ್ರತಿ ಹುಣ್ಣಿಮೆಗೆ ತಾಯಿಯ ಫೋಟೋದ ಮುಂದೆ ದೀಪ ಹಚ್ಚಿ ಲೆಕ್ಕ ನೋಡಿರಿ. ನಡೆದದ್ದೆಷ್ಟು, ತಪ್ಪಿದ್ದೆಷ್ಟು, ಯಾಕೆ ತಪ್ಪಿತು? ತಪ್ಪಿದ್ದಕ್ಕೆ ಕಣ್ಣೀರು ಬೇಡ, ಮುಂದಿನ ಹುಣ್ಣಿಮೆಯವರೆಗೆ ಮತ್ತೆ ಕೊಡ ಕಟ್ಟಿರಿ.

5. ಕೆಲಸ ಕೈಗೂಡಿದ ದಿನ ಹೊತ್ತ ಹರಕೆಯನ್ನು ಮರೆಯದೆ ತೀರಿಸಿರಿ.

ಹುಬ್ಬಳ್ಳಿ-ಧಾರವಾಡದ ನಳಕ್ಕೆ ಬರುವ ಮಲಪ್ರಭೆಯ ನೀರು ತಾಯಿ ಕೊಡ ತುಂಬಿದ ಅದೇ ಹೊಳೆಯದು. ನಾಳೆ ಬೆಳಿಗ್ಗೆ ನಳದ ಕೆಳಗೆ ಕೊಡ ಇಡುವಾಗ ಒಂದು ಗಳಿಗೆ ಅವಳನ್ನು ನೆನೆದು, ಆ ದಿನದ ಒಂದು ಕೆಲಸವನ್ನು ಮನಸ್ಸಿನಲ್ಲಿ ಹೇಳಿಕೊಂಡು, ಕಡೆಗೆ "ಮಾಡತೀನಿ ಅವ್ವಾ" ಎಂದರೆ ಅದೇ ಸಂಕಲ್ಪ, ಅದೇ ಪೂಜೆ.

ಗುಡ್ಡಕ್ಕೆ ಬಂದ ಸಮಸ್ತ ಸದ್ಭಕ್ತರ ಸಂಕಲ್ಪಗಳು ಕೈಗೂಡಲಿ. ಮಳೆ ಬೆಳೆ ಚೆನ್ನಾಗಿ ಆಗಲಿ. ಮನೆ ಮನೆಯಲ್ಲಿ ಶಾಂತಿ ನೆಲೆಸಲಿ. ತಾಯಿ ಶ್ರೀ ರೇಣುಕಾ ಯಲ್ಲಮ್ಮ ಸರ್ವರಿಗೂ ಸನ್ಮಂಗಳವನ್ನುಂಟುಮಾಡಲಿ.

ಉಧೋ ಉಧೋ!