ಪಂಕ್ತಿಭೇದವೂ ಐಕಮತ್ಯವೂ

ಹತ್ತು ಮಂದಿ ಕುಳಿತ ಊಟದ ಪಂಕ್ತಿಯಲ್ಲಿ ಒಬ್ಬನು, "ನನ್ನ ಎಲೆಗೆ ಬಡಿಸಲಿಲ್ಲ" ಎಂದು ಹೇಳಿದರೆ, ಅವನು ಮನೆಯ ಮಾನವನ್ನು ಕಳೆದನೆನ್ನಬೇಕೆ, ಬಡಿಸುವವನು ತಪ್ಪಿದನೆನ್ನಬೇಕೆ? ನಮ್ಮ ಹಿರಿಯರು ಈ ಪ್ರಶ್ನೆಗೆ ಸಂದೇಹಕ್ಕೆಡೆಯಿಲ್ಲದಂತೆ ಉತ್ತರ ಕೊಟ್ಟಿರುವರು. ಒಂದೇ ಸಾಲಿನಲ್ಲಿ ಕುಳಿತವರೊಳಗೆ ಒಬ್ಬನಿಗೆ ತುಪ್ಪವನ್ನೂ ಮತ್ತೊಬ್ಬನಿಗೆ ಬರಿಯ ಅನ್ನವನ್ನೂ ಬಡಿಸುವುದಕ್ಕೆ ಪಂಕ್ತಿಭೇದವೆಂದು ಹೆಸರಿಟ್ಟು, ಅದನ್ನು ಪಾಪಗಳಲ್ಲಿ ಎಣಿಸಿದರು, ಕೇಳಿದವನನ್ನು ನಿಂದಿಸಲಿಲ್ಲ. ಮನೆಯ ಮಟ್ಟಿಗೆ ಇಷ್ಟು ಸ್ಪಷ್ಟವಾದ ನ್ಯಾಯವು ರಾಷ್ಟ್ರದ ವಿಷಯಕ್ಕೆ ಬಂದೊಡನೆ ಮಸುಕಾಗುವುದು. "ನಮಗೆ ಅನ್ಯಾಯವಾಗಿದೆ" ಎಂದು ಒಂದು ಜನಾಂಗವು ಬಾಯಿ ತೆರೆದರೆ, ಐಕಮತ್ಯವನ್ನು ಕೆಡಿಸುವವರು ಇವರೇ ಎಂಬ ಮಾತು ಮೊದಲು ಹುಟ್ಟುವುದು. ಹಾಗಾದರೆ ಐಕಮತ್ಯವನ್ನು ಮುರಿಯುವವನು ಯಾರು? ದೂರು ಹೇಳುವವನೆ, ದೂರನ್ನು ಕೇಳದವನೆ? ಇದನ್ನು ಬರಿಯ ತರ್ಕದಿಂದ ವಿಚಾರ ಮಾಡುವುದಕ್ಕಿಂತ ನೆರೆಯ ಲಂಕೆಯ ಚರಿತ್ರೆಯನ್ನು ಮುಂದಿಟ್ಟುಕೊಂಡು ನೋಡುವುದು ಮೇಲು.

ಲಂಕೆಯು ಸ್ವತಂತ್ರವಾದುದು ೧೯೪೮ರ ಫೆಬ್ರವರಿ ೪ರಂದು. ಆಗ ಅಲ್ಲಿಯ ಜನರಲ್ಲಿ ನೂರಕ್ಕೆ ಎಪ್ಪತ್ತರಷ್ಟು ಮಂದಿ ಸಿಂಹಳೀಯರು. ಉತ್ತರದಲ್ಲಿಯೂ ಪೂರ್ವದಲ್ಲಿಯೂ ಬಹುಕಾಲದಿಂದ ನೆಲೆಸಿದ ತಮಿಳರು, ಚಹದ ತೋಟಗಳಿಗಾಗಿ ಬ್ರಿಟಿಷರ ಕಾಲದಲ್ಲಿ ದಕ್ಷಿಣ ಭಾರತದಿಂದ ಹೋದ ಮಲೆನಾಡಿನ ತಮಿಳರು, ಮುಸಲ್ಮಾನರು, ಇವರೆಲ್ಲ ಉಳಿದವರು. ಇಲ್ಲಿ ಮೊದಲು ಸಿಂಹಳೀಯರ ದೂರನ್ನೇ ಕೇಳುವುದು ನ್ಯಾಯ. ಏಕೆಂದರೆ ಅವರಿಗೂ ದೂರಿದ್ದಿತು, ಅದು ನಿಜವಾಗಿಯೂ ಇದ್ದಿತು. ಕಚೇರಿಯ ಭಾಷೆ ಇಂಗ್ಲಿಷು. ಅದನ್ನು ಬಲ್ಲವರು ನೂರಕ್ಕೆ ಹತ್ತು ಮಂದಿಯೂ ಇರಲಿಲ್ಲ. ಹಳ್ಳಿಯ ರೈತನು ತನ್ನ ನೆಲದ ಸರಕಾರದೊಡನೆ ತನ್ನ ಮಾತಿನಲ್ಲಿ ವ್ಯವಹರಿಸಲಾರದೆ ಇದ್ದನು. ಜಾಫ್ನಾ ಸೀಮೆಯಲ್ಲಿ ಮಿಶನರಿಗಳ ಶಾಲೆಗಳು ಮುಂಚಿತವಾಗಿ ಹಬ್ಬಿದ್ದ ಕಾರಣ, ಸರಕಾರದ ಉದ್ಯೋಗಗಳಲ್ಲಿ ತಮಿಳರ ಪಾಲು ಅವರ ಸಂಖ್ಯೆಗೆ ಮೀರಿದ್ದಿತು. ಇದಲ್ಲದೆ, ಕಡಲ ಕಾಲುವೆಯ ಆಚೆ ಕೋಟಿಗಟ್ಟಲೆ ತಮಿಳರಿರುವರು, ಸಿಂಹಳ ಭಾಷೆಗಾದರೋ ಈ ದ್ವೀಪವನ್ನು ಬಿಟ್ಟರೆ ಬೇರೆ ಮನೆಯಿಲ್ಲ ಎಂಬ ಭಯವೂ ಅವರಲ್ಲಿದ್ದಿತು. ಬಹುಸಂಖ್ಯಾತರಾಗಿದ್ದೂ ಅಲ್ಪಸಂಖ್ಯಾತರಂತೆ ಅಂಜುವ ಈ ಮನಸ್ಸನ್ನು ಹಾಸ್ಯ ಮಾಡಲಾಗದು.

ಆದರೆ ಆ ದೂರಿಗೆ ದೊರೆತ ಪರಿಹಾರವೇನು? ೧೯೫೬ರಲ್ಲಿ ಪ್ರಧಾನಮಂತ್ರಿ ಎಸ್. ಡಬ್ಲ್ಯು. ಆರ್. ಡಿ. ಬಂಡಾರನಾಯಕರ ಸರಕಾರವು ಸಿಂಹಳವೊಂದೇ ರಾಜ್ಯಭಾಷೆಯೆಂದು ಶಾಸನ ಮಾಡಿತು. ಇಂಗ್ಲಿಷಿನಿಂದ ಸಿಂಹಳೀಯನಿಗೆ ಯಾವ ಅನ್ಯಾಯವಾಗಿದ್ದಿತೋ ಅದೇ ಅನ್ಯಾಯವು ಸಿಂಹಳದಿಂದ ತಮಿಳನಿಗೆ ಆಯಿತು. ಸಿಂಹಳೀಯರೇ ಆದ ಕಾಲ್ವಿನ್ ಆರ್. ಡಿ ಸಿಲ್ವ ಎಂಬವರು, ಒಂದೇ ಭಾಷೆಯನ್ನು ಹಿಡಿದರೆ ದೇಶವು ಎರಡಾಗುವುದೆಂದೂ ಎರಡು ಭಾಷೆಗಳನ್ನು ಒಪ್ಪಿದರೆ ಒಂದಾಗಿ ಉಳಿಯುವುದೆಂದೂ ಎಚ್ಚರಿಕೆ ಹೇಳಿದರು. ಕಾಲದ ವೈಚಿತ್ರ್ಯವೆಂದರೆ, ಸಿಂಹಳದ ಏಕಸ್ಥಾನವನ್ನು ಸಂವಿಧಾನದಲ್ಲಿಯೇ ನಿಲ್ಲಿಸಿದ ೧೯೭೨ರ ರಚನೆಯನ್ನು ಮುಂದೆ ನಿಂತು ನಡೆಯಿಸಿದ ಮಂತ್ರಿಯೂ ಅವರೇ. ತಿಳಿದವನಿಗೂ ಪ್ರವಾಹದ ಎದುರು ನಿಲ್ಲುವುದು ಎಷ್ಟು ಕಷ್ಟವೆಂಬುದಕ್ಕೆ ಇದು ನಿದರ್ಶನ.

ಇನ್ನು ತಮಿಳರ ನಾಯಕರಾದ ಎಸ್. ಜೆ. ವಿ. ಚೆಲ್ವನಾಯಕಂ ಅವರ ಬಾಳನ್ನು ನೋಡೋಣ. ೧೯೪೯ರಲ್ಲಿ ಅವರು ಕೇಳಿದುದು ಒಕ್ಕೂಟದ ರಾಜ್ಯವನ್ನು. ೧೯೫೭ರ ಜುಲೈಯಲ್ಲಿ ಬಂಡಾರನಾಯಕರೊಡನೆ ಒಪ್ಪಂದವಾದಾಗ ಅದಕ್ಕಿಂತ ಕಡಮೆಯಾದ ಪ್ರಾಂತೀಯ ಸಭೆಗಳಿಗೂ, ಉತ್ತರ ಪೂರ್ವ ಪ್ರಾಂತಗಳ ಆಡಳಿತದಲ್ಲಿ ತಮಿಳಿನ ಬಳಕೆಗೂ ತೃಪ್ತರಾದರು. ಭಿಕ್ಷುಗಳು ಪ್ರಧಾನಿಯ ಮನೆಯ ಮುಂದೆ ಕುಳಿತು ಪ್ರತಿಭಟಿಸಲಾಗಿ, ೧೯೫೮ರ ಏಪ್ರಿಲಿನಲ್ಲಿ ಆ ಒಪ್ಪಂದವು ರದ್ದಾಯಿತು. ಮರುತಿಂಗಳೇ ತಮಿಳರ ಮೇಲೆ ದೊಂಬಿಗಳು ಎದ್ದುವು. ೧೯೬೫ರಲ್ಲಿ ಡಡ್ಲಿ ಸೇನಾನಾಯಕರೊಡನೆ ಮತ್ತೊಂದು ಒಪ್ಪಂದವಾಯಿತು. ಈ ಸಲ ಕೇಳಿಕೆಯು ಇನ್ನೂ ಕುಗ್ಗಿ ಜಿಲ್ಲಾ ಸಭೆಗಳಿಗೆ ಇಳಿದಿದ್ದಿತು. ಅದೂ ಕಾರ್ಯಕ್ಕೆ ಬರಲಿಲ್ಲ. ೧೯೭೦ರ ಬಳಿಕ ವಿಶ್ವವಿದ್ಯಾನಿಲಯದ ಪ್ರವೇಶದಲ್ಲಿ ತಮಿಳಿನಲ್ಲಿ ಓದಿದ ಹುಡುಗನು ಹೆಚ್ಚು ಅಂಕಗಳನ್ನು ತರಬೇಕೆಂಬ ಏರ್ಪಾಡೂ ಬಂದಿತು. ಕಡೆಗೆ ೧೯೭೬ರಲ್ಲಿ, ವಟ್ಟುಕ್ಕೋಟ್ಟೈಯಲ್ಲಿ, ಅದೇ ವೃದ್ಧರ ನೇತೃತ್ವದಲ್ಲಿ ಪ್ರತ್ಯೇಕ ರಾಜ್ಯದ ನಿರ್ಣಯವು ಅಂಗೀಕೃತವಾಯಿತು. ಮರುವರ್ಷ ಅವರು ತೀರಿಕೊಂಡರು. ಇಪ್ಪತ್ತೇಳು ವರ್ಷಗಳ ಕಾಲ ಅವರು ಪಂಕ್ತಿಯಲ್ಲಿ ಕುಳಿತು ಕೇಳಿದರು. ಕೇಳಿಕೆಯನ್ನು ಕುಗ್ಗಿಸಿಯೂ ಕೇಳಿದರು. ಎದ್ದುದು ಕಡೆಗೆ.

ಇಲ್ಲಿ ಒಂದು ಆಕ್ಷೇಪವುಂಟು. ಪ್ರಜಾಪ್ರಭುತ್ವದಲ್ಲಿ ಬಹುಮತವೇ ಪ್ರಮಾಣವಲ್ಲವೆ? ಬಹುಜನರ ಭಾಷೆಯು ರಾಜ್ಯಭಾಷೆಯಾದರೆ ಅನ್ಯಾಯವೆಲ್ಲಿ? ಇದಕ್ಕೆ ಸಮಾಧಾನವಿದು: ಬಹುಮತಕ್ಕೆ ನಾವು ತಲೆಬಾಗುವುದು, ಇಂದು ಸೋತವನು ನಾಳೆ ಗೆಲ್ಲಬಹುದೆಂಬ ನಂಬಿಕೆಯಿಂದ. ತೆರಿಗೆಯ ವಿಷಯದಲ್ಲಿ ನನ್ನ ಅಭಿಪ್ರಾಯವು ಇಂದು ಸೋಲಬಹುದು. ವಾದಿಸಿ ಹತ್ತು ಮಂದಿಯನ್ನು ಒಲಿಸಿಕೊಂಡರೆ ಮುಂದಿನ ಚುನಾವಣೆಯಲ್ಲಿ ಗೆಲ್ಲಬಹುದು. ಆದರೆ ತಾಯಿಯ ಭಾಷೆಯು ಅಭಿಪ್ರಾಯವಲ್ಲ. ಯಾವ ವಾದದಿಂದಲೂ ತಮಿಳನು ಸಿಂಹಳೀಯರನ್ನು ತಮಿಳರನ್ನಾಗಿ ಮಾಡಲಾರನು. ಹುಟ್ಟಿನಿಂದಲೇ ಎಂದೆಂದಿಗೂ ಸೋತಿರತಕ್ಕವನಿಗೆ ಮತಪತ್ರವನ್ನು ಕೊಟ್ಟು, "ಎಣಿಕೆಯಲ್ಲಿ ಗೆದ್ದು ಬಾ" ಎನ್ನುವುದು ನ್ಯಾಯದ ವೇಷವೇ ಹೊರತು ನ್ಯಾಯವಲ್ಲ.

ಹಾಗೆಂದು, ನೊಂದವನು ಮಾಡಿದುದೆಲ್ಲ ಧರ್ಮವೆಂದು ತಿಳಿಯಬಾರದು. ೧೯೮೧ರಲ್ಲಿ ಜಾಫ್ನಾದ ಸಾರ್ವಜನಿಕ ಪುಸ್ತಕಾಲಯವನ್ನು ಸುಟ್ಟರು. ತೊಂಬತ್ತು ಸಾವಿರಕ್ಕೆ ಮೀರಿದ ಗ್ರಂಥಗಳು ಬೂದಿಯಾದುವು. ೧೯೮೩ರ ಜುಲೈಯಲ್ಲಿ, ಹೊಂಚುಹಾಕಿದ ತಮಿಳು ಬಂಡಾಯಗಾರರಿಂದ ಹದಿಮೂರು ಸೈನಿಕರು ಹತರಾಗಲು, ಕೊಲಂಬೊ ಮೊದಲಾದ ಊರುಗಳಲ್ಲಿ ನಿರಪರಾಧಿಗಳಾದ ತಮಿಳರನ್ನು ಕೊಂದರು, ಮನೆಗಳಿಗೆ ಬೆಂಕಿಯಿಟ್ಟರು. ಇವು ಮರೆಯತಕ್ಕ ಸಂಗತಿಗಳಲ್ಲ. ಆದರೆ ೧೯೯೦ರ ಅಕ್ಟೋಬರಿನಲ್ಲಿ, ತಮಿಳರ ಹೆಸರಿನಲ್ಲಿ ಆಯುಧ ಹಿಡಿದ ವಿಮೋಚನಾ ಹುಲಿಗಳು ಉತ್ತರದ ಮುಸಲ್ಮಾನರನ್ನೆಲ್ಲ, ಸುಮಾರು ಎಪ್ಪತ್ತು ಸಾವಿರ ಮಂದಿಯನ್ನು, ಮನೆಮಠಗಳನ್ನು ಬಿಡಿಸಿ ಹೊರದೂಡಿದರು. ಆ ಮುಸಲ್ಮಾನರು ಆಡುತ್ತಿದ್ದ ಮಾತೂ ತಮಿಳೇ. ತನ್ನ ಎಲೆಗೆ ಬಡಿಸಲಿಲ್ಲವೆಂದು ನೊಂದವನು ತನಗಿಂತ ಚಿಕ್ಕವನ ಎಲೆಯನ್ನೇ ಎತ್ತಿ ಎಸೆದಂತಾಯಿತು. ದುಃಖವು ಮನುಷ್ಯನನ್ನು ತಾನಾಗಿಯೇ ನ್ಯಾಯವಂತನನ್ನಾಗಿ ಮಾಡುವುದಿಲ್ಲ. ನ್ಯಾಯವನ್ನು ನೊಂದವನೂ ಅಭ್ಯಾಸಮಾಡಬೇಕಾಗಿದೆ.

ಕೇಳುವುದಕ್ಕೇ ಹಕ್ಕಿಲ್ಲದವರೂ ಇದ್ದರು. ಮಲೆನಾಡಿನ ತೋಟದ ತಮಿಳರಲ್ಲಿ ಬಹುಮಂದಿಗೆ ೧೯೪೮ರ ಶಾಸನದಿಂದ ಪೌರತ್ವವೇ ದೊರೆಯಲಿಲ್ಲ. ೧೯೬೪ರಲ್ಲಿ ಲಾಲ್ ಬಹಾದೂರ ಶಾಸ್ತ್ರಿಗಳೂ ಸಿರಿಮಾವೊ ಬಂಡಾರನಾಯಕರೂ ಕುಳಿತು, ಐದು ಲಕ್ಷ ಇಪ್ಪತ್ತೈದು ಸಾವಿರ ಮಂದಿ ಭಾರತಕ್ಕೆ, ಮೂರು ಲಕ್ಷ ಮಂದಿ ಲಂಕೆಗೆ ಎಂದು ಜನರನ್ನು ಹಂಚಿಕೊಂಡರು. ಹಾಗೆ ಬಂದವರಲ್ಲಿ ಕೆಲವರು ನಮ್ಮ ದಕ್ಷಿಣ ಕನ್ನಡದ ಸುಳ್ಯ ಪುತ್ತೂರು ಸೀಮೆಯ ರಬ್ಬರು ತೋಟಗಳಲ್ಲಿ ನೆಲೆಸಿದರು. ಲಂಕೆಯ ಕಥೆಯು ದೂರದ್ದೆಂದು ಭಾವಿಸುವ ಕನ್ನಡಿಗರು ಇದನ್ನು ನೆನೆಯಬೇಕು.

೧೯೮೭ರಲ್ಲಿ, ಭಾರತದೊಡನೆ ಒಪ್ಪಂದವಾದ ಬಳಿಕ, ಲಂಕೆಯ ಸಂವಿಧಾನಕ್ಕೆ ಹದಿಮೂರನೆಯ ತಿದ್ದುಪಡಿಯು ಬಂದಿತು. ತಮಿಳೂ ರಾಜ್ಯಭಾಷೆಯೆಂದು ಬರೆದರು. ಪ್ರಾಂತಗಳಿಗೆ ಸಭೆಗಳನ್ನು ಕೊಟ್ಟರು. ೧೯೫೭ರಲ್ಲಿ ಇಬ್ಬರು ಸಹಿಮಾಡಿದ ಕಾಗದದಲ್ಲಿ ಇದ್ದುದು ಇದಕ್ಕಿಂತ ಹೆಚ್ಚೇನೂ ಅಲ್ಲ. ಒಂದು ಸಹಿಯಿಂದ ಆಗತಕ್ಕುದು ಮೂವತ್ತು ವರ್ಷಗಳ ಮೇಲೆ ರಕ್ತದ ಬೆಲೆಗೆ ಬಂದಿತು. ಬಂದರೂ ತಡವಾದುದರಿಂದ ಯುದ್ಧವನ್ನು ನಿಲ್ಲಿಸಲಾರದೆ ಹೋಯಿತು. ಯುದ್ಧವು ಮುಗಿದುದು ೨೦೦೯ರ ಮೇ ತಿಂಗಳಿನಲ್ಲಿ, ಕಡಲ ದಂಡೆಯಲ್ಲಿ ಸಿಕ್ಕಿಬಿದ್ದ ಸಾವಿರಾರು ಸಾಮಾನ್ಯ ಜನರ ಮರಣದೊಡನೆ. ಸಕಾಲದಲ್ಲಿ ಬಡಿಸಿದ ಅನ್ನಕ್ಕೂ ಎದ್ದುಹೋದವನ ಹಿಂದೆ ಹಿಡಿದುಕೊಂಡು ಓಡುವ ಅನ್ನಕ್ಕೂ ಇರುವ ಭೇದವಿದು.

ಆದುದರಿಂದ ನನ್ನ ಸಿದ್ಧಾಂತವಿಷ್ಟು: ದೂರು ಐಕಮತ್ಯಕ್ಕೆ ಶತ್ರುವಲ್ಲ. ದೂರುವವನು, ತನಗೆ ನ್ಯಾಯ ಕೊಡಬಲ್ಲವರು ಈ ಮನೆಯಲ್ಲಿರುವರೆಂದು ನಂಬಿರುವನು. ಆ ನಂಬಿಕೆಗೇ ಐಕಮತ್ಯವೆಂದು ಹೆಸರು. ೨೦೧೭ರಲ್ಲಿ ಕಿಲಿನೊಚ್ಚಿಯಲ್ಲಿ, ಯುದ್ಧದಲ್ಲಿ ಕಾಣೆಯಾದವರ ತಾಯಂದಿರು ಮಕ್ಕಳ ಭಾವಚಿತ್ರಗಳನ್ನು ಹಿಡಿದು ರಸ್ತೆಯ ಬದಿಯಲ್ಲಿ ಕುಳಿತರು. ಅವರು ಕೇಳಿದುದು ಬೇರೆ ರಾಜ್ಯವನ್ನಲ್ಲ, "ನಮ್ಮ ಮಕ್ಕಳೆಲ್ಲಿ?" ಎಂಬೊಂದು ಮಾತಿಗೆ ಉತ್ತರವನ್ನು. ಇಷ್ಟೆಲ್ಲ ಆದ ಮೇಲೂ ಅವರು ಕೇಳಿದುದು ತಮ್ಮ ಸರಕಾರವನ್ನೇ. ಅವರನ್ನು ದೇಶವನ್ನೊಡೆಯುವವರೆಂದು ಕರೆಯುವವನು ಆ ಪ್ರಶ್ನೆಯಲ್ಲಿ ಇನ್ನೂ ಉಳಿದಿರುವ ನಂಬಿಕೆಯನ್ನು ಕಾಣದವನು. ಪಂಕ್ತಿಯಲ್ಲಿ ಕೂಗು ಕೇಳುತ್ತಿರುವವರೆಗೆ ಬಡಿಸುವವನಿಗೆ ತನ್ನ ತಪ್ಪನ್ನು ತಿದ್ದಿಕೊಳ್ಳುವ ಅವಕಾಶವಿದೆ. ಅವನು ಅಂಜಬೇಕಾದುದು ಕೂಗು ನಿಂತ ದಿನ.